ಜರ್ಮನ್ ಹೆಸರುಗಳೂ ಕನ್ನಡದ ನಾಲಗೆಯೂ

ಪರದೇಶದ ಹೆಸರು ನಮ್ಮ ನಾಡಿಗೆ ಬಂದರೆ ನಮ್ಮ ನಾಲಗೆಯ ನಿಯಮಕ್ಕೆ ತಲೆಬಾಗಲೇಬೇಕು. ಹಿಂದೂಪುರ, ಕಲ್ಯಾಣದುರ್ಗಗಳ ಕನ್ನಡಿಗರಿಗೆ ಇದು ನಿತ್ಯದ ಅನುಭವ. ನಮ್ಮ ‘ಹಳ್ಳಿ’ ನೆರೆಯ ತೆಲುಗರಿಗೆ ‘ಪಲ್ಲಿ’. ಹಳಗನ್ನಡದ ಪಕಾರವು ಹೊಸಗನ್ನಡದಲ್ಲಿ ಹಕಾರವಾಯಿತು. ತೆಲುಗು ಪಕಾರವನ್ನೇ ಉಳಿಸಿಕೊಂಡಿತು. ಎರಡೂ ಶುದ್ಧವೇ. ಆಂಗ್ಲರಾದರೋ ಕಲ್ಯಾಣದುರ್ಗವನ್ನು ‘ಕಲ್ಯಾಣ್‌ಡ್ರುಗ್’ ಎಂದೂ ಚಿತ್ರದುರ್ಗವನ್ನು ‘ಚಿತಲ್‌ಡ್ರೂಗ್’ ಎಂದೂ ಬರೆದಿಟ್ಟರು.

ಅವರನ್ನು ಕಂಡು ನಗುವ ನಾವು ಜರ್ಮನರ ಹೆಸರುಗಳನ್ನು ಹೇಗೆ ನಡೆಸಿಕೊಂಡೆವೆಂಬುದನ್ನೂ ನೋಡಬೇಕು. 1894ರಲ್ಲಿ ಮಂಗಳೂರಿನಿಂದ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದ ಕಿಟ್ಟೆಲರ ಹೆಸರಿನಲ್ಲಿ ತಕಾರವು ಎರಡು ಬಾರಿ ಬರುತ್ತದೆ. ಜರ್ಮನ್ ಬರವಣಿಗೆಯಲ್ಲಿ ಈ ಇಮ್ಮಡಿಯು ಹಿಂದಿನ ಸ್ವರ ಹ್ರಸ್ವವೆಂಬುದರ ಗುರುತು ಮಾತ್ರ, ಉಚ್ಚಾರದಲ್ಲಿ ಒತ್ತಕ್ಷರವಿಲ್ಲ. ನಾವಾದರೋ ‘ಬೆಟ್ಟ’, ‘ಹಿಟ್ಟು’ಗಳಂತೆ ಒತ್ತಿ ನುಡಿದು ಆ ಹೆಸರನ್ನು ಅಚ್ಚಗನ್ನಡವನ್ನಾಗಿಸಿದೆವು.

1843ರಲ್ಲಿ ‘ಮಂಗಳೂರು ಸಮಾಚಾರ’ವನ್ನು ಆರಂಭಿಸಿದ ಮೊಗ್ಲಿಂಗರ ಹೆಸರಿನ ತೊಡಕು ಬೇರೆ. ಅದರ ಮೊದಲ ಸ್ವರಕ್ಕೆ ತುಟಿಗಳನ್ನು ‘ಓ’ ಎಂಬಂತೆ ದುಂಡಗೆ ಹಿಡಿದು, ನಾಲಗೆಯನ್ನು ‘ಏ’ ಎಂಬಂತೆ ಮುಂದಕ್ಕೆ ಚಾಚಬೇಕು. ಅಂತಹ ಸ್ವರ ಕನ್ನಡದಲ್ಲಿಲ್ಲ. ಆದುದರಿಂದ ‘ಮೊಗ್ಲಿಂಗ್’, ‘ಮೋಗ್ಲಿಂಗ್’ ಎಂಬ ಎರಡು ರೂಪಗಳು ನಿಂತವು. ಬೈಬಲಿನ ಕನ್ನಡ ಅನುವಾದದಲ್ಲಿ ದುಡಿದ ವೈಗ್ಲೆಯವರ ಹೆಸರನ್ನು ಇಂಗ್ಲಿಷಿನ ಓದಿನಂತೆ ‘ವೀಗಲ್’ ಎಂದರೆ ಮೂಲದ ಐಕಾರವೇ ಮಾಯವಾಗುತ್ತದೆ. 1908ರಲ್ಲಿ ಲಾಲ್‌ಬಾಗಿಗೆ ಬಂದ ಉದ್ಯಾನತಜ್ಞ ಕ್ರುಂಬೀಗಲ್ಲರು ಬೆಂಗಳೂರಿನ ರಸ್ತೆಯ ಹೆಸರಿನಲ್ಲಿ ‘ಕೃಂಬಿಗಲ್’ ಆಗಿ, ಕೃಷ್ಣನ ಋಕಾರವನ್ನೇ ಪಡೆದಿದ್ದಾರೆ!

ಗಡಿನಾಡಿನವರಿಗೆ ಒಂದು ಅನುಕೂಲವುಂಟು. ಕನ್ನಡ ಕಲಿಸುವ ಪುಸ್ತಕ ಬರೆದ ಜೀಗ್ಲರರ ಹೆಸರಿನ ಮೊದಲ ವ್ಯಂಜನವು ಜರ್ಮನರ ಬಾಯಲ್ಲಿ ‘ತ್ಸ’. ‘ಸಾಕು’ ಎಂಬರ್ಥದ ತೆಲುಗಿನ ‘ಚಾಲು’ವನ್ನು ‘ತ್ಸಾಲು’ ಎಂದು ಕೇಳಿ ಬಲ್ಲ ಹಿಂದೂಪುರದವರಿಗೆ ಈ ಧ್ವನಿ ಹೊಸದಲ್ಲ. ಆದರೆ ತೆಲುಗಿನಲ್ಲಿ ಇದು ಇಕಾರದ ಮುಂದೆ ಬಾರದು. ‘ತ್ಸೀಗ್ಲರ್’ ಎನ್ನಲು ಅವರೂ ತುಸು ಅಭ್ಯಾಸ ಮಾಡಬೇಕಾದೀತು.

ಇಂತಹ ಮಾರ್ಪಾಡು ಅಗೌರವವಲ್ಲ. ಮ್ಯಾಕ್ಸ್ ಮುಲ್ಲರರು ತಾವೇ ಸಂಸ್ಕೃತದಲ್ಲಿ ‘ಮೋಕ್ಷಮೂಲರ’ರೆನಿಸಿಕೊಂಡರು. ಆಡುಮಾತಿನಲ್ಲಿ ಹೆಸರು ನಮ್ಮದಾಗಲಿ; ಅದು ಆತ್ಮೀಯತೆಯ ಲಕ್ಷಣ. ಚರಿತ್ರೆಯ ಬರವಣಿಗೆಯಲ್ಲಿ ಮಾತ್ರ ಎಚ್ಚರ ಬೇಕು. ಒಬ್ಬನೇ ವ್ಯಕ್ತಿ ಒಂದು ಗ್ರಂಥಸೂಚಿಯಲ್ಲಿ ‘ವೈಗ್ಲೆ’, ಮತ್ತೊಂದರಲ್ಲಿ ‘ವೀಗಲ್’ ಆದರೆ, ಮುಂದಿನ ಓದುಗನು ಇಬ್ಬರೆಂದು ಭ್ರಮಿಸಿ ಅವನ ದುಡಿಮೆಯನ್ನು ಹಂಚಿಬಿಟ್ಟಾನು. ಆದುದರಿಂದ ರೂಢಿಯ ರೂಪದ ಜೊತೆಗೆ ಮೂಲದ ಉಚ್ಚಾರವನ್ನೂ ಒಮ್ಮೆ ನಮೂದಿಸುವುದು ಯುಕ್ತ. ತಮ್ಮ ಊರಿನ ಹೆಸರನ್ನು ಮೂರು ಲಿಪಿಗಳಲ್ಲಿ ಮೂರು ಬಗೆಯಾಗಿ ಕಂಡ ಗಡಿನಾಡಿಗರಿಗೆ ಇದರ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.