ಸ್ಯಾಂಪಲ್ ಸಿಂಥಸೈಜರುಗಳ ನಾದ ಮತ್ತು ಪರಿಭಾಷೆ: ಒಂದು ಚಾರಿತ್ರಿಕ ವಿವೇಚನೆ

ಸಂಗೀತದ ಚರಿತ್ರೆಯನ್ನು ಬರೆಯುವವರು ಲಕ್ಷಣಗ್ರಂಥಗಳನ್ನೂ ಶಾಸನಗಳನ್ನೂ ದೇವಾಲಯದ ಶಿಲ್ಪಗಳನ್ನೂ ಆಧಾರವಾಗಿ ಗ್ರಹಿಸುವುದು ರೂಢಿ. ಇಪ್ಪತ್ತನೆಯ ಶತಮಾನದ ಕೊನೆಯ ಎರಡು ದಶಕಗಳಿಗೆ ಬಂದಾಗ ಈ ಸಾಲಿಗೆ ಇನ್ನೊಂದು ಆಧಾರವನ್ನು ಸೇರಿಸಿಕೊಳ್ಳಬೇಕಾಗುತ್ತದೆ. ವಿದ್ಯುದ್ವಾದ್ಯದ ಮುಖಫಲಕದ ಮೇಲೆ ಅಚ್ಚಾದ ಮಾತುಗಳು ಮತ್ತು ಅದರ ಕಿರಿದಾದ ಪರದೆಯಲ್ಲಿ ಮೂಡುವ ಹೆಸರುಗಳೇ ಆ ಆಧಾರ. ಟೋನ್, ವಾಯ್ಸ್, ಪ್ಯಾಚ್, ಪ್ರೋಗ್ರಾಂ, ಟಿಂಬರ್, ಎಲಿಮೆಂಟ್ ಮುಂತಾದ ಈ ಪದಗಳನ್ನು ಪರ್ಯಾಯಪದಗಳೆಂದು ಭಾವಿಸಿ ಓದಿದವರು ಪದೇ ಪದೇ ಎಡವಿದ್ದಾರೆ. ಅವು ಪರ್ಯಾಯಪದಗಳಲ್ಲ. ಒಂದೇ ಪದವು ಒಂದೇ ತಯಾರಕರ ಕೈಯಲ್ಲಿ ಐದು ವರ್ಷಗಳೊಳಗೆ ಅರ್ಥವನ್ನು ಬದಲಾಯಿಸಿಕೊಂಡ ಉದಾಹರಣೆಯೂ ಉಂಟು. ಆ ಕಾಲದ ಕೃತಿಯೊಂದರಲ್ಲಿ ಕೇಳಿಬರುವ ನಾದ ಯಾವುದು, ಯಾರದು, ಎಲ್ಲಿಂದ ಬಂದಿತು ಎಂಬುದನ್ನು ನಿರ್ಧರಿಸಬೇಕಾದಾಗ ಈ ತೊಡಕು ಸಣ್ಣದೆನಿಸುವುದಿಲ್ಲ.

ಮೊದಲು ‘ಸ್ಯಾಂಪಲ್’ ಎಂಬ ಪದವನ್ನೇ ತೆಗೆದುಕೊಳ್ಳೋಣ. ಇದು ಸಂಗೀತಶಾಲೆಯಲ್ಲಿ ಹುಟ್ಟಿದ ಮಾತಲ್ಲ; ದೂರವಾಣಿಯ ಎಂಜಿನಿಯರುಗಳಿಂದ ಬಂದದ್ದು. ೧೯೨೮ರಲ್ಲಿ ಹ್ಯಾರಿ ನೈಕ್ವಿಸ್ಟ್ ತಂತಿ ಸಂದೇಶಗಳ ರವಾನೆಯನ್ನು ಕುರಿತು ಬರೆದ ಲೇಖನ, ೧೯೩೭ರಲ್ಲಿ ಅಲೆಕ್ ರೀವ್ಸ್ ಪ್ಯಾರಿಸಿನಲ್ಲಿ ರೂಪಿಸಿದ ಪಲ್ಸ್ ಕೋಡ್ ಮಾಡ್ಯುಲೇಶನ್ ಪದ್ಧತಿ, ೧೯೪೯ರಲ್ಲಿ ಕ್ಲಾಡ್ ಶ್ಯಾನನ್ ಪ್ರಕಟಿಸಿದ ಪ್ರಮೇಯ, ಇವು ಇದರ ಪೂರ್ವಚರಿತ್ರೆ. ಧ್ವನಿತರಂಗದ ಎತ್ತರವನ್ನು ಸಮಾನ ಕಾಲಾಂತರಗಳಲ್ಲಿ ಅಳೆದು ಅಂಕೆಗಳಾಗಿ ಬರೆದಿಟ್ಟರೆ, ಅಳತೆಯ ದರವು ತರಂಗದ ಅತ್ಯುಚ್ಚ ಕಂಪನಸಂಖ್ಯೆಯ ಎರಡರಷ್ಟಕ್ಕಿಂತ ಮಿಗಿಲಾಗಿದ್ದ ಪಕ್ಷದಲ್ಲಿ ಆ ಅಂಕೆಗಳಿಂದಲೇ ತರಂಗವನ್ನು ಮರಳಿ ಪಡೆಯಬಹುದೆಂಬುದು ಇದರ ತಿರುಳು. ಎಂಜಿನಿಯರನ ಮಾತಿನಲ್ಲಿ ಸ್ಯಾಂಪಲ್ ಎಂದರೆ ಇಂಥ ಒಂದು ಅಳತೆ, ಒಂದು ಅಂಕೆ. ಸಂಗೀತಗಾರನ ಮಾತಿನಲ್ಲಿಯಾದರೋ ಸ್ಯಾಂಪಲ್ ಎಂದರೆ ಇಡಿಯ ಧ್ವನಿಮುದ್ರಿಕೆ: ಕೊಳಲಿನ ಒಂದು ಸ್ವರ, ನಗಾರಿಯ ಒಂದು ಪೆಟ್ಟು. ಸೆಕೆಂಡಿಗೆ ೪೪,೧೦೦ ಅಳತೆಗಳ ದರದಲ್ಲಿ ಎರಡು ಸೆಕೆಂಡು ಹಿಡಿದಿಟ್ಟ ಒಂದು ‘ಸ್ಯಾಂಪಲ್ಲಿ’ನಲ್ಲಿ ೮೮,೨೦೦ ‘ಸ್ಯಾಂಪಲ್’ಗಳಿರುತ್ತವೆ. ಹಳೆಯ ಕೈಪಿಡಿಗಳನ್ನು ಓದುವ ವಿದ್ಯಾರ್ಥಿ ಪ್ರತಿ ಪುಟದಲ್ಲಿಯೂ ಯಾವ ಅರ್ಥವು ವಿವಕ್ಷಿತವೆಂದು ಕೇಳಿಕೊಳ್ಳಲೇಬೇಕು. (ಪಿ.ಸಿ.ಎಂ. ಎಂದು ಎಷ್ಟೋ ವಾದ್ಯಗಳ ಮೇಲೆ ಹೆಮ್ಮೆಯಿಂದ ಅಚ್ಚಾಗಿರುವ ಮೂರಕ್ಷರ ರೀವ್ಸರ ಆ ಪದ್ಧತಿಯ ಹೆಸರೇ ಹೊರತು ಬೇರೇನೂ ಅಲ್ಲ.)

ಆದರೆ ಅಂಕೆಗಳಿಗೂ ಮುಂಚೆಯೇ ಧ್ವನಿಮುದ್ರಿಕೆಯನ್ನು ಮನೆಗಳ ಮೇಲೆ ಬೆರಳಿಟ್ಟು ನುಡಿಸುವ ವಾದ್ಯಗಳಿದ್ದವು. ಅಮೆರಿಕೆಯ ಹ್ಯಾರಿ ಚೇಂಬರ್ಲಿನ್ನನ ವಾದ್ಯವೂ, ಅದನ್ನು ಅನುಸರಿಸಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ೧೯೬೩ರಲ್ಲಿ ಸಿದ್ಧವಾದ ಮೆಲೊಟ್ರಾನ್ ಎಂಬುದೂ ಕಾಂತೀಯ ಟೇಪಿನಿಂದ ನಡೆಯುತ್ತಿದ್ದವು. ಒಂದೊಂದು ಮನೆಗೂ ಒಂದೊಂದು ಟೇಪಿನ ತುಂಡು. ಒತ್ತಿದರೆ ಸುಮಾರು ಎಂಟು ಸೆಕೆಂಡು ನುಡಿದು ನಿಲ್ಲುವುದು. ಬಿಟ್ಟರೆ ಸ್ಪ್ರಿಂಗು ಅದನ್ನು ಮೊದಲಿಗೆ ಎಳೆದುಕೊಳ್ಳುವುದು. ೧೯೭೦ರ ಎಂ-೪೦೦ ಮಾದರಿಯಲ್ಲಿ ಇಂಥ ೩೫ ಮನೆಗಳಿದ್ದವು. ಪಿಟೀಲು ವೃಂದದ ಕೆಲಸವನ್ನು ಈ ಪೆಟ್ಟಿಗೆ ಕಸಿದುಕೊಂಡೀತೆಂದು ಬ್ರಿಟನ್ನಿನ ಸಂಗೀತಗಾರರ ಸಂಘವು ಆತಂಕಗೊಂಡಿತ್ತೆಂಬುದು ಗಮನಾರ್ಹ. ಸ್ಯಾಂಪಲ್ ವಾದ್ಯದ ಮೇಲಿನ ತಕರಾರು ಹೀಗೆ ಸ್ಯಾಂಪಲ್ ಎಂಬ ಹೆಸರಿಗಿಂತ ಹಳೆಯದು. ‘ಲೂಪ್’ ಎಂಬ ಪದವೂ ಟೇಪಿನ ಕಾಲದ್ದೇ. ಟೇಪಿನ ಎರಡು ತುದಿಗಳನ್ನು ಅಂಟಿಸಿದರೆ ಸಿಗುವ ಬಳೆ ಅದು. ೧೯೪೮ರಲ್ಲಿ ಪ್ಯಾರಿಸಿನ ರೇಡಿಯೊ ಕೇಂದ್ರದಲ್ಲಿ ಪಿಯರೆ ಶೇಫರ್ ಗ್ರಾಮಫೋನ್ ತಟ್ಟೆಯ ಗೆರೆಯನ್ನು ತನ್ನಲ್ಲಿಗೇ ಮರಳುವಂತೆ ಕೊರೆಸಿ ಪಡೆದದ್ದೂ ಇದೇ ಫಲವನ್ನು.

ಅಂಕೀಯ ವಾದ್ಯಗಳಲ್ಲಿ ಮೊದಲು ಹೆಸರಿಸಬೇಕಾದದ್ದು ೧೯೭೯ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಪೀಟರ್ ವೋಗಲ್ ಮತ್ತು ಕಿಮ್ ರೈರಿ ಹೊರತಂದ ಫೇರ್‌ಲೈಟ್. ಅದರಲ್ಲಿ ಎಂಟು ಧ್ವನಿಗಳು. ಒಂದೊಂದಕ್ಕೆ ೧೬ ಕಿಲೊಬೈಟ್ ನೆನಪು. ಪ್ರತಿ ಅಳತೆಗೆ ೮ ಬಿಟ್, ಅಂದರೆ ತರಂಗದ ಎತ್ತರವನ್ನು ೨೫೬ ಮೆಟ್ಟಿಲುಗಳಲ್ಲಿ ಮಾತ್ರವೇ ಗುರುತಿಸಬಹುದಾಗಿತ್ತು. ಮುಂದೆ ಬಂದ ೧೨ ಬಿಟ್ಟಿನ ವಾದ್ಯಗಳಲ್ಲಿ ೪,೦೯೬ ಮೆಟ್ಟಿಲುಗಳೂ ೧೬ ಬಿಟ್ಟಿನವುಗಳಲ್ಲಿ ೬೫,೫೩೬ ಮೆಟ್ಟಿಲುಗಳೂ ಆದವು. ೮ ಬಿಟ್ಟಿನ ಒರಟುತನವನ್ನು ಆಗ ದೋಷವೆಂದೆಣಿಸಿದರು. ಇಂದು ಅದನ್ನೇ ಅರಸಿ ಕೊಳ್ಳುವವರಿದ್ದಾರೆ. ೧೯೮೧ರಲ್ಲಿ ಕ್ಯಾಲಿಫೋರ್ನಿಯದ ಈ-ಮು ಸಂಸ್ಥೆಯ ಎಮ್ಯುಲೇಟರ್ ಬಂದಿತು. ಅದರ ನೆನಪು ೧೨೮ ಕಿಲೊಬೈಟ್. ೧೯೮೬ ಮತ್ತು ೧೯೮೮ರಲ್ಲಿ ಜಪಾನಿನ ಅಕಾಯ್ ಸಂಸ್ಥೆಯ ಎಸ್-೯೦೦ ಮತ್ತು ಎಸ್-೧೦೦೦ ಬಂದವು. ಇವೆಲ್ಲ ಬಳಸುವವನೇ ಧ್ವನಿಯನ್ನು ಹಿಡಿದು ತುಂಬಬಹುದಾದ ‘ಸ್ಯಾಂಪ್ಲರ್’ಗಳು. ತಯಾರಕರೇ ಅಳಿಸಲಾಗದ ನೆನಪಿನಲ್ಲಿ ಧ್ವನಿಗಳನ್ನು ತುಂಬಿ ಮಾರಿದ ವಾದ್ಯಗಳು ಇನ್ನೊಂದು ಪಂಗಡ; ನಮ್ಮ ವಿವೇಚನೆಗೆ ಮುಖ್ಯವಾದದ್ದು ಈ ಎರಡನೆಯದು.

ಈ ವಾದ್ಯಗಳ ನಾದಕ್ಕೆ ಆ ರೂಪವೇಕೆ ಬಂದಿತೆಂಬುದಕ್ಕೆ ಉತ್ತರ ಸೌಂದರ್ಯಶಾಸ್ತ್ರದಲ್ಲಿಲ್ಲ, ನೆನಪಿನ ಬೆಲೆಯಲ್ಲಿದೆ. ೧೬ ಬಿಟ್ಟಿನಂತೆ, ಸೆಕೆಂಡಿಗೆ ೪೪,೧೦೦ ಅಳತೆಗಳಂತೆ ಹಿಡಿದರೆ ಒಂದು ಮೆಗಾಬೈಟಿನಲ್ಲಿ ಹನ್ನೆರಡು ಸೆಕೆಂಡಿನ ಧ್ವನಿಯೂ ಹಿಡಿಸದು. ಪಿಯಾನೊವಿನ ಒಂದು ಮಂದ್ರಸ್ವರ ತಾನಾಗಿ ಅಡಗಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗಬಹುದು. ಹೀಗಿರಲು ತಯಾರಕರು ಮೂರು ಉಪಾಯಗಳನ್ನು ಕಂಡುಕೊಂಡರು. ಸ್ವರದ ಆರಂಭವನ್ನು ಉಳಿಸಿಕೊಂಡು ನಡುವಿನ ಒಂದು ತುಣುಕನ್ನು ಲೂಪಾಗಿ ತಿರುಗಿಸುವುದು ಒಂದು. ಎಲ್ಲ ಮನೆಗಳಿಗೂ ಪ್ರತ್ಯೇಕ ಮುದ್ರಿಕೆಯನ್ನು ಇಡದೆ, ಹಿಡಿದ ಒಂದು ಸ್ವರವನ್ನೇ ವೇಗವಾಗಿಯೋ ನಿಧಾನವಾಗಿಯೋ ಓದಿ ನೆರೆಯ ಸ್ವರಗಳನ್ನು ಪಡೆಯುವುದು ಇನ್ನೊಂದು. ಒಂದು ಸ್ಥಾಯಿ ಮೇಲಕ್ಕೆ ಹೋದರೆ ಓದುವ ವೇಗ ಎರಡರಷ್ಟಾಗಿ ಕಾಲಾವಧಿ ಅರ್ಧವಾಗುತ್ತದೆ. ಗಾಯಕನ ಕಂಠ ಅಳಿಲಿನ ಚೀರಾಟವಾಗುತ್ತದೆ. ಆದ್ದರಿಂದ ಕೆಲವು ಸ್ವರಗಳ ಅಂತರದಲ್ಲಿ ಹೊಸ ಮುದ್ರಿಕೆಯನ್ನಿಟ್ಟು ಹೊಲಿಯುವ ‘ಮಲ್ಟಿಸ್ಯಾಂಪಲ್’ ಪದ್ಧತಿ ಬಂದಿತು. ಹಳೆಯ ವಾದ್ಯದ ಮೇಲೆ ಸ್ವರಶ್ರೇಣಿಯನ್ನು ನಿಧಾನವಾಗಿ ಏರಿಸುತ್ತ ಕಿವಿಗೊಟ್ಟರೆ ನಾದಗುಣವು ಥಟ್ಟನೆ ಬದಲಾಗುವ ಆ ಹೊಲಿಗೆಗಳು ಕೇಳಿಸುತ್ತವೆ. ಯಾವ ವಾದ್ಯದಿಂದ ಧ್ವನಿ ಬಂದಿತೆಂಬುದನ್ನು ಗುರುತಿಸಲು ಹೊಲಿಗೆಯ ಸ್ಥಾನಕ್ಕಿಂತ ಉತ್ತಮ ಸಾಕ್ಷ್ಯ ದೊರೆಯುವುದು ಅಪರೂಪ.

ಮೂರನೆಯ ಉಪಾಯವೇ ರೋಲಂಡ್ ಸಂಸ್ಥೆ ೧೯೮೭ರಲ್ಲಿ ಹೊರತಂದ ಡಿ-೫೦. ಕೇಳುಗನ ಕಿವಿ ವಾದ್ಯವನ್ನು ಗುರುತಿಸುವುದು ಬಹುಮಟ್ಟಿಗೆ ಸ್ವರದ ಮೊದಲ ಕ್ಷಣದಿಂದ. ಗಂಟೆಯ ಪೆಟ್ಟನ್ನು ಕತ್ತರಿಸಿ ಹಾಕಿದರೆ ಉಳಿದದ್ದು ಗಂಟೆಯೆನಿಸುವುದಿಲ್ಲವೆಂಬುದನ್ನು ಶೇಫರ್ ಮೊದಲೇ ಪ್ರಯೋಗದಿಂದ ಕಂಡಿದ್ದನು. ಡಿ-೫೦ರಲ್ಲಿ ಆ ಮೊದಲ ಕ್ಷಣವನ್ನು ಮಾತ್ರ ಮುದ್ರಿಕೆಯಿಂದ ಎತ್ತಿಕೊಂಡು, ಮುಂದಿನದನ್ನು ಯಂತ್ರವೇ ಉತ್ಪಾದಿಸುವ ಸರಳ ತರಂಗಗಳಿಂದ ತುಂಬಿದರು. ಅದರಲ್ಲಿದ್ದ ಮುದ್ರಿಕೆಗಳು ೧೦೦. ವಾದ್ಯದ ಅತ್ಯಂತ ಪ್ರಸಿದ್ಧ ನಾದಗಳಾದ ‘ಫ್ಯಾಂಟೇಸಿಯ’, ‘ಡಿಜಿಟಲ್ ನೇಟಿವ್ ಡ್ಯಾನ್ಸ್’ ಮೊದಲಾದವು ಯಾವ ಲೌಕಿಕ ವಾದ್ಯದ ಅನುಕರಣವೂ ಅಲ್ಲವೆಂಬುದು ಇದರ ಸ್ವಾರಸ್ಯ. ಅನುಕರಣೆಗೆಂದು ಹೂಡಿದ ಯುಕ್ತಿ ಹೊಸ ನಾದವರ್ಗವೊಂದಕ್ಕೆ ಜನ್ಮವಿತ್ತಿತು.

ಪರಿಭಾಷೆಯ ಗೋಜಲು ತೀವ್ರವಾಗುವುದೂ ಇಲ್ಲಿಯೇ. ಡಿ-೫೦ರಲ್ಲಿ ಅತ್ಯಂತ ಚಿಕ್ಕ ಘಟಕವು ‘ಪಾರ್ಷಿಯಲ್’. ಎರಡು ಪಾರ್ಷಿಯಲ್‌ಗಳು ಸೇರಿದರೆ ಒಂದು ‘ಟೋನ್’. ಮೇಲಿನ ಮತ್ತು ಕೆಳಗಿನ ಎರಡು ಟೋನ್‌ಗಳು ಸೇರಿದರೆ ಒಂದು ‘ಪ್ಯಾಚ್’. ಇದೇ ಸಂಸ್ಥೆಯ ೧೯೯೨ರ ಜೆವಿ-೮೦ರಲ್ಲಿ ಪಾರ್ಷಿಯಲ್ ಎಂಬ ಪದ ಮರೆಯಾಗಿದೆ. ನಾಲ್ಕು ಟೋನ್‌ಗಳು ಸೇರಿ ಒಂದು ಪ್ಯಾಚ್ ಆಗುತ್ತದೆ. ಎಂದರೆ ೧೯೮೭ರಲ್ಲಿ ನಡುವಣ ಅಂತಸ್ತಿನಲ್ಲಿದ್ದ ಟೋನ್ ೧೯೯೨ರಲ್ಲಿ ಬುಡಕ್ಕಿಳಿದಿದೆ. ಹಳೆಯ ವಾದ್ಯದ ಟಿಪ್ಪಣಿಯಲ್ಲಿ ‘ಎರಡು ಟೋನ್’ ಎಂದಿದ್ದರೆ ನಾಲ್ಕು ಧ್ವನಿಮೂಲಗಳು, ಹೊಸದರಲ್ಲಿ ಎರಡೇ. ಪಾರ್ಷಿಯಲ್ ಎಂಬುದಂತೂ ಧ್ವನಿಶಾಸ್ತ್ರದಲ್ಲಿ ಸಂಕೀರ್ಣ ನಾದದೊಳಗಿನ ಒಂದು ಸರಳ ಕಂಪನವನ್ನು ಸೂಚಿಸುವ ಹಳೆಯ ಪದ. ಇಲ್ಲಿ ಆ ಅರ್ಥವನ್ನು ಆರೋಪಿಸಿದರೆ ಎಲ್ಲವೂ ತಪ್ಪಾಗುವುದು. ಟಿಂಬರ್ ಎಂಬುದರ ಗತಿಯೂ ಹೀಗೆಯೇ. ರೋಲಂಡಿನ ಎಂಟಿ-೩೨ರಲ್ಲಿ ಅದು ನಾಲ್ಕರವರೆಗೆ ಪಾರ್ಷಿಯಲ್‌ಗಳುಳ್ಳ ನಾದ. ಕೋರ್ಗ್ ಸಂಸ್ಥೆಯ ಎಂ-೧ರಲ್ಲಿ ಒಂದು ‘ಕಾಂಬಿನೇಶನ್’ನೊಳಗೆ ಪ್ರೋಗ್ರಾಮೊಂದು ಕುಳಿತುಕೊಳ್ಳುವ ಎಂಟು ಪೀಠಗಳಲ್ಲಿ ಒಂದು. ಯಮಾಹಾದವರು ೧೯೮೩ರ ಡಿಎಕ್ಸ್-೭ರಿಂದಲೂ ಇಡಿಯ ನಾದವನ್ನು ‘ವಾಯ್ಸ್’ ಎಂದರು. ೧೯೮೯ರ ಎಸ್‌ವೈ-೭೭ರಲ್ಲಿ ಒಂದು ವಾಯ್ಸ್‌ಗೆ ನಾಲ್ಕರವರೆಗೆ ‘ಎಲಿಮೆಂಟ್’ಗಳು. ಉಳಿದವರೆಲ್ಲ ವಾಯ್ಸ್ ಎಂಬ ಮಾತಿನಿಂದ ಏಕಕಾಲದಲ್ಲಿ ನುಡಿಯಬಲ್ಲ ಸ್ವರಗಳ ಸಂಖ್ಯೆಯನ್ನು ಎಣಿಸುತ್ತಿದ್ದರು. ನಮ್ಮಲ್ಲಿಯೂ ಸ್ವರವೆಂದರೆ ವೈಯಾಕರಣನಿಗೆ ಅಕ್ಷರ, ಸಂಗೀತಗಾರನಿಗೆ ಷಡ್ಜಾದಿ, ಕರಾವಳಿಯವರಿಗೆ ಮನುಷ್ಯನ ಕಂಠ. ಆದಕಾರಣ ಅನ್ಯರನ್ನು ಹಳಿಯುವುದಕ್ಕೆ ನಮಗೆ ಹೆಚ್ಚಿನ ಅಧಿಕಾರವಿಲ್ಲ.

ಪ್ಯಾಚ್ ಎಂಬ ಪದದಲ್ಲಿ ಚರಿತ್ರೆಯ ಒಂದು ಪದರವೇ ಉಳಿದಿದೆ. ೧೯೬೪ರಿಂದ ರಾಬರ್ಟ್ ಮೂಗ್ ನಿರ್ಮಿಸಿದ ಬಿಡಿಘಟಕಗಳ ಸಿಂಥಸೈಜರಿನಲ್ಲಿ ನಾದವನ್ನು ಕಟ್ಟುವುದೆಂದರೆ ತಂತಿಗಳನ್ನು ಒಂದು ರಂಧ್ರದಿಂದ ಇನ್ನೊಂದಕ್ಕೆ ಚುಚ್ಚುವುದಾಗಿತ್ತು. ಆ ತಂತಿಗಳ ಜೋಡಣೆಯೇ ಪ್ಯಾಚ್. ತಂತಿಗಳು ಹೋದ ಬಳಿಕವೂ ಹೆಸರು ನಿಂತಿತು. ಇನ್ನು ಟಿವಿಎಫ್, ವಿಡಿಎಫ್ ಎಂಬ ಸಂಕ್ಷೇಪಗಳು ವಿದ್ಯಾರ್ಥಿಯನ್ನು ಅನವಶ್ಯಕವಾಗಿ ಬೆದರಿಸುತ್ತವೆ. ಎರಡೂ ಕಾಲಕ್ಕೆ ತಕ್ಕಂತೆ ಬದಲಾಗುವ ಶೋಧಕಗಳೇ. ಒಂದು ರೋಲಂಡಿನ ಹೆಸರು, ಇನ್ನೊಂದು ಕೋರ್ಗಿನದು. ಇವು ಮಾರುಕಟ್ಟೆಯ ಪದಗಳೇ ಹೊರತು ಶಾಸ್ತ್ರದವಲ್ಲ.

೧೯೮೮ರ ಎಂ-೧ ಈ ಪಂಗಡದ ಅತ್ಯಂತ ಪ್ರಭಾವಶಾಲಿ ವಾದ್ಯವೆಂಬುದು ನಮ್ಮ ಅಭಿಪ್ರಾಯ. ನಾಲ್ಕು ಮೆಗಾಬೈಟಿನ ಅಳಿಸಲಾಗದ ನೆನಪು, ಎಂಟು ಪಥಗಳ ಸ್ವರಲೇಖಕ, ಮಾರ್ದನಿ ಮುಂತಾದ ಪರಿಣಾಮಗಳು ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಅದನ್ನು ‘ಮ್ಯೂಸಿಕ್ ವರ್ಕ್‌ಸ್ಟೇಶನ್’ ಎಂದು ಕರೆದರು. ಅದು ಹದಿನಾರು ಧ್ವನಿಗಳ ವಾದ್ಯ. ಒಂದು ನಾದದಲ್ಲಿ ಎರಡು ಮೂಲಗಳನ್ನು ಸೇರಿಸಿದರೆ ಎಂಟಕ್ಕೆ ಇಳಿಯುವುದು. ಅದರ ‘ಪಿಯಾನೊ ೧೬ ಅಡಿ’ ಎಂಬ ನಾದದ ಹೆಸರನ್ನು ನೋಡಿರಿ. ಪಿಯಾನೊವಿಗೂ ಅಡಿಗೂ ಏನು ಸಂಬಂಧ? ಅಡಿಯು ಚರ್ಚಿನ ಆರ್ಗನ್ನಿನ ಕೊಳವೆಯ ಉದ್ದ: ಎಂಟಡಿಯ ಸಾಲು ಬರೆದ ಸ್ಥಾಯಿಯಲ್ಲಿಯೇ ನುಡಿಯುವುದು, ಹದಿನಾರಡಿಯದು ಒಂದು ಸ್ಥಾಯಿ ಕೆಳಗೆ. ಈ ಅಳತೆ ಮೊದಲು ವಿದ್ಯುದಾರ್ಗನ್ನುಗಳಿಗೂ ಅನಂತರ ೧೯೭೦ರ ಮಿನಿಮೂಗಿನಂಥ ಸಿಂಥಸೈಜರುಗಳಿಗೂ ದಾಟಿಬಂದು ಕೊನೆಗೆ ಪಿಯಾನೊವಿಗೆ ಅಂಟಿಕೊಂಡಿತು. ಈ ಪಿಯಾನೊ ನಿಜವಾದ ಪಿಯಾನೊವಿನಂತೆ ಕೇಳಿಸುವುದಿಲ್ಲ. ಗಡುಸಾಗಿ, ತೆಳುವಾಗಿ ಹೊಳೆಯುತ್ತದೆ. ನೃತ್ಯಶಾಲೆಗಳ ಸಂಗೀತಕ್ಕೆ ಆ ದೋಷವೇ ಗುಣವಾಯಿತು. ಅದೇ ವಾದ್ಯದ ‘ಆರ್ಗನ್ ೨’ ರಾಬಿನ್ ಎಸ್. ಹಾಡಿದ ‘ಷೋ ಮಿ ಲವ್’ ಗೀತೆಯ ೧೯೯೦ರ ದಶಕದ ಆರಂಭದ ರೂಪದಿಂದ ಜಗತ್ಪ್ರಸಿದ್ಧವಾಯಿತು.

ಹೆಸರು ಮೂಲವನ್ನು ಮರೆಮಾಡುವುದಕ್ಕೆ ಅತ್ಯುತ್ತಮ ನಿದರ್ಶನ ಫೇರ್‌ಲೈಟಿನೊಡನೆ ಬರುತ್ತಿದ್ದ ತಟ್ಟೆಗಳಲ್ಲಿದ್ದ ‘ಆರ್ಕ್-೫’. ಹೆಸರಿನಿಂದ ತಿಳಿಯುವುದಿಷ್ಟೇ: ಇದು ವಾದ್ಯವೃಂದದ್ದು, ಸಾಲಿನಲ್ಲಿ ಐದನೆಯದು. ವಾಸ್ತವದಲ್ಲಿ ಇದು ಸ್ಟ್ರಾವಿನ್‌ಸ್ಕಿ ೧೯೧೦ರಲ್ಲಿ ರಚಿಸಿದ ‘ಫೈರ್‌ಬರ್ಡ್’ ನೃತ್ಯರೂಪಕದ ಧ್ವನಿಮುದ್ರಿಕೆಯೊಂದರಿಂದ ಕತ್ತರಿಸಿದ ಒಂದೇ ಒಂದು ಆಘಾತ. ೧೯೮೨ರಲ್ಲಿ ಆಫ್ರಿಕ ಬಂಬಾಟ ಅವರ ‘ಪ್ಲಾನೆಟ್ ರಾಕ್’ನಲ್ಲಿ ಅದು ಮೊಳಗಿತು; ಬಳಿಕ ‘ಆರ್ಕೆಸ್ಟ್ರಾ ಹಿಟ್’ ಎಂಬ ಸಾಮಾನ್ಯನಾಮದಿಂದ ಇತರ ತಯಾರಕರ ಅನುಕರಣಗಳಲ್ಲಿ ಹರಡಿತು. ರಾಬರ್ಟ್ ಫಿಂಕ್ ಎಂಬ ಸಂಗೀತಶಾಸ್ತ್ರಜ್ಞರು ೨೦೦೫ರಲ್ಲಿ ಇದರ ವೃತ್ತಾಂತವನ್ನು ವಿಸ್ತಾರವಾಗಿ ನಿರೂಪಿಸಿದ್ದಾರೆ. ಆ ಒಂದು ಆಘಾತವನ್ನು ನುಡಿಸಿದ ವೃಂದದ ಕಲಾವಿದರಿಗೆ ತಮ್ಮ ಅರೆಕ್ಷಣದ ದುಡಿಮೆ ಎಲ್ಲಿಗೆಲ್ಲ ಹೋಯಿತೆಂಬುದನ್ನು ಆ ಹೆಸರು ತಿಳಿಸಲಾರದು. ಕೇಳುಗನಿಗೆ ಅವರ ಸುಳಿವನ್ನೂ ಕೊಡಲಾರದು.

೧೯೯೧ರಲ್ಲಿ ಜನರಲ್ ಮಿಡಿ ಎಂಬ ಒಪ್ಪಂದದಿಂದ ೧೨೮ ನಾದಗಳಿಗೆ ಸಂಖ್ಯೆ ನಿಗದಿಯಾಯಿತು. ಗೊಂದಲ ಮುಗಿಯಿತೆಂದು ಅನೇಕರು ತಿಳಿದರು. ಆದರೆ ಒಪ್ಪಂದವು ಹೆಸರನ್ನೂ ಸಂಖ್ಯೆಯನ್ನೂ ನಿಗದಿಪಡಿಸಿತೇ ಹೊರತು ಮುದ್ರಿಕೆಯನ್ನಲ್ಲ. ೧೦೫ನೆಯದು ಸಿತಾರ್, ೧೧೨ನೆಯದು ಶಹನಾಯಿ. ಇವು ಬ್ಯಾಂಜೊ, ಕೋಟೊ, ಬ್ಯಾಗ್‌ಪೈಪುಗಳೊಡನೆ ‘ಎತ್ನಿಕ್’ ಎಂಬ ಒಂದೇ ಗುಂಪಿನಲ್ಲಿ ಕುಳಿತಿವೆ. ವೀಣೆ, ನಾಗಸ್ವರ, ಮೃದಂಗಗಳಿಗೆ ಅಲ್ಲಿ ಸ್ಥಾನವಿಲ್ಲ. ಇದ್ದರೂ ಫಲವೆಷ್ಟೆಂಬುದು ಸಂದೇಹವೇ: ಒಂದು ಮನೆಗೆ ಒಂದು ಸ್ಥಿರಸ್ವರವೆಂಬ ವ್ಯವಸ್ಥೆಯಲ್ಲಿ ಎರಡು ಸ್ವರಗಳ ನಡುವೆ ಬದುಕುವ ಗಮಕವನ್ನು ಹಿಡಿದಿಡುವ ಜಾಗವೇ ಇಲ್ಲ, ಎಡಗೈಯಿಂದ ಶ್ರುತಿಯನ್ನು ಬಾಗಿಸುವ ಚಕ್ರವೊಂದೇ ಗತಿ.

ಕೊನೆಯದಾಗಿ ಆಧಾರಗಳ ಉಳಿವಿನ ಮಾತು. ಈ ವಾದ್ಯಗಳಲ್ಲಿ ತಯಾರಕರ ಮುದ್ರಿಕೆಗಳು ಅಳಿಸಲಾಗದ ನೆನಪಿನಲ್ಲಿವೆ. ಬಳಸಿದವನು ತಾನೇ ತಿದ್ದಿ ಕಟ್ಟಿದ ನಾದಗಳಾದರೋ ಒಳಗಿನ ಒಂದು ಪುಟ್ಟ ಲಿಥಿಯಂ ಬ್ಯಾಟರಿಯ ಆಶ್ರಯದಲ್ಲಿವೆ. ಬ್ಯಾಟರಿ ಬತ್ತಿದೊಡನೆ ಅವು ಅಳಿಯುತ್ತವೆ. ದುರಸ್ತಿ ಮಾಡುವವನು ಕಾರ್ಖಾನೆಯ ನಾದಗಳನ್ನೇ ಮತ್ತೆ ತುಂಬಿ ಕೊಡುತ್ತಾನೆ. ಆ ಕಾಲದವರೆಲ್ಲ ಸಿದ್ಧನಾದಗಳನ್ನೇ ಬಳಸಿ ತೃಪ್ತರಾಗಿದ್ದರೆಂಬ ಪ್ರಚಲಿತ ಹೇಳಿಕೆಯನ್ನು ಒಪ್ಪುವ ಮೊದಲು ಇದನ್ನು ಗಣನೆಗೆ ತಂದುಕೊಳ್ಳಬೇಕು. ಹಳೆಯ ವಾದ್ಯವೊಂದು ಕಾಲೇಜಿಗೋ ಸಂಗ್ರಹಾಲಯಕ್ಕೋ ಬಂದಲ್ಲಿ ಅದರ ಮುಚ್ಚಳವನ್ನು ತೆಗೆಯುವುದಕ್ಕೂ ಬ್ಯಾಟರಿಯನ್ನು ಕೀಳುವುದಕ್ಕೂ ಮುಂಚೆ ಒಳಗಿರುವ ನಾದಗಳನ್ನು ಮಿಡಿ ತಂತಿಯ ಮೂಲಕ ಹೊರಗೆ ನಕಲು ಮಾಡಿಕೊಂಡು, ಪರದೆಯಲ್ಲಿ ಕಾಣುವ ಹೆಸರುಗಳನ್ನು ಕಾಗುಣಿತದ ತಪ್ಪುಗಳ ಸಮೇತ ಇದ್ದಂತೆಯೇ ಬರೆದುಕೊಳ್ಳತಕ್ಕದ್ದು.