ಟೇಲರ್ ಸಾಹೇಬನ ಧರ್ಮ ಹುಡುಕುತ್ತ

ಸುರಪುರದ ಬೆಟ್ಟದ ಮೇಲೆ ಟೇಲರ್ ಮಂಜಿಲ್ ಇದೆ. ಅದರ ಯಜಮಾನನಾಗಿದ್ದ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಬಗ್ಗೆ ಸಗರನಾಡಿನಲ್ಲಿ ಕಥೆಗಳಿಗೆ ಬರವಿಲ್ಲ. ಆತನ ಧರ್ಮದ ಮಾತು ಮಾತ್ರ ಯಾರೂ ಎತ್ತುವುದಿಲ್ಲ. ಬೇಡ ದೊರೆಗಳ ಸಂಸ್ಥಾನವನ್ನು 1853ರವರೆಗೆ ಹತ್ತು ವರ್ಷಕ್ಕೂ ಮೇಲೆ ನೋಡಿಕೊಂಡ ಈ ಕ್ರೈಸ್ತನಿಗೆ ಅನ್ಯಧರ್ಮದವರ ಜೊತೆ ಬಾಳುವುದರಲ್ಲಿ ತನ್ನ ನಂಬಿಕೆ ಎಷ್ಟು ಕೆಲಸಕ್ಕೆ ಬಂತು?

ಮೊದಲು ತೆರೆದದ್ದು ಆತ್ಮಕಥೆ, ‘ದಿ ಸ್ಟೋರಿ ಆಫ್ ಮೈ ಲೈಫ್’. ಟೇಲರ್ ತೀರಿಕೊಂಡ ಮರುವರ್ಷ, 1877ರಲ್ಲಿ, ಮಗಳು ಹೊರತಂದ ಪುಸ್ತಕ. ಉಪದೇಶ ಹುಡುಕಹೋದ ನನಗೆ ಅಲ್ಲಿ ಎದುರಾದದ್ದು ಒಂದು ಜಾತಕ. ಸುರಪುರದ ಎಳೆಯ ರಾಜ ವೆಂಕಟಪ್ಪ ನಾಯಕನಿಗೆ ಇಪ್ಪತ್ನಾಲ್ಕನೆಯ ವರ್ಷದಲ್ಲಿ ಮೃತ್ಯು ಎಂದು ಅದರಲ್ಲಿತ್ತಂತೆ. ಗುಟ್ಟು ಟೇಲರ್ ಕಿವಿಗೂ ಬಿತ್ತು. ಜಾತಕದಲ್ಲಿ ನಂಬಿಕೆಯಿಲ್ಲದಿದ್ದರೂ ಆತ ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡ. ನನಗೆ ಇದು ಹತ್ತು ಪ್ರವಚನಕ್ಕಿಂತ ದೊಡ್ಡದಾಗಿ ಕಂಡಿತು.

ಮುಂದೆ 1858. ರಾಜ ಬ್ರಿಟಿಷರ ವಿರುದ್ಧ ಎದ್ದು, ಸೋತು, ಸಿಕಂದರಾಬಾದಿನಲ್ಲಿ ಸೆರೆಯಾದ. ಅವನಿಂದ ‘ಅಪ್ಪಾ’ ಎನ್ನಿಸಿಕೊಂಡಿದ್ದ ಟೇಲರ್ ಸೆರೆಮನೆಗೆ ಹೋಗಿ ಕಂಡ. ಮರಣದಂಡನೆ ಇಳಿದು ಇಳಿದು ನಾಲ್ಕು ವರ್ಷದ ಸೆರೆಯಾಯಿತು. ಆದರೆ ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲೇ ರಾಜ ಗುಂಡು ತಗುಲಿ ಸತ್ತ. ತಾನೇ ಹೊಡೆದುಕೊಂಡ ಎನ್ನುತ್ತದೆ ಆತ್ಮಕಥೆ. ಸುರಪುರದ ಜನ ಅದನ್ನು ಇವತ್ತಿಗೂ ಸುಲಭವಾಗಿ ಒಪ್ಪುವುದಿಲ್ಲ. ಅಪ್ಪನೆನಿಸಿಕೊಂಡವನು ಸೆರೆಹಿಡಿದ ಸರ್ಕಾರದ ಕಡೆಯವನೇ ಆಗಿದ್ದನೆಂಬುದನ್ನೂ ಮರೆಯುವಂತಿಲ್ಲ.

ತನ್ನ ಬಗ್ಗೆ ತಾನೇ ಹೇಳಿಕೊಂಡ ಸಾಕ್ಷಿಯನ್ನು ಎಷ್ಟು ನಂಬುವುದು? ಹಾಗಾಗಿ 1878ರಲ್ಲಿ ಪ್ರಕಟವಾದ ಆತನ ಕಾದಂಬರಿ ‘ಎ ನೋಬಲ್ ಕ್ವೀನ್’ ಕಡೆ ತಿರುಗಿದೆ. ಹೆಸರು ಬಿಜಾಪುರದ ರಾಣಿ ಚಾಂದ್ ಬೀಬಿಯದು, ಆದರೆ ಕಥೆ ಕೃಷ್ಣೆ ದಾಟಿ ಮುದಗಲ್ಲಿಗೂ ಬರುತ್ತದೆ. ಗೋವೆಯ ಪಾದ್ರಿಗಳು ಆದಿಲ್‌ಶಾಹಿ ಕಾಲದಲ್ಲೇ ನೆಲೆಗೊಳಿಸಿದ ಕನ್ನಡ ಕ್ರೈಸ್ತರ ಊರು ಅದು. ಅಲ್ಲಿ ಟೇಲರ್ ಇಬ್ಬರು ಪಾದ್ರಿಗಳನ್ನು ನಿಲ್ಲಿಸುತ್ತಾನೆ: ಊರವರ ಮೆಚ್ಚಿನ ಫ್ರಾನ್ಸಿಸ್ ದಾಲ್ಮೇಡಾ, ಕೇಡಿಗ ಡಾಮ್ ಡಿಯೆಗೊ. ಕ್ಯಾಥೊಲಿಕ್ ಪಾದ್ರಿಯನ್ನು ದುರುಳನಾಗಿಸುವುದು ಇಂಗ್ಲಿಷ್ ಪ್ರಾಟೆಸ್ಟಂಟರ ಹಳೆಯ ಚಟ ಎಂದು ತಳ್ಳಿಹಾಕಬಹುದಿತ್ತು. ಒಳ್ಳೆಯವನೂ ಕ್ಯಾಥೊಲಿಕ್ಕೇ ಆಗಿರುವುದರಿಂದ ಆ ವಾದ ನಿಲ್ಲುವುದಿಲ್ಲ. ಇಬ್ಬರದೂ ಒಂದೇ ಶಿಲುಬೆ, ಒಂದೇ ಪೂಜೆ. ಇನ್ನು ಅದೇ ಪುಸ್ತಕದಲ್ಲಿ ಬರುವ ಬೇಡರ ರಂಗ ನಾಯಕನಿಗೆ ಯಾವ ಕ್ರೈಸ್ತ ದೀಕ್ಷೆಯೂ ಇಲ್ಲ. ಡಿಯೆಗೊಗಿಂತ ಎಷ್ಟೋ ಪಾಲು ಹೆಚ್ಚಿನ ಮಾನ ಟೇಲರ್ ಕೊಟ್ಟಿರುವುದು ಅವನಿಗೆ.