ಶಾರದಾ ಮೆನನ್, ಎಂ. (1923–2021)

ಭಾರತದ ಮೊದಲ ಮಹಿಳಾ ಮನೋವೈದ್ಯೆ ಎಂದು ಹೆಸರಾದವರು. ಹುಟ್ಟಿದ್ದು 1923ರ ಏಪ್ರಿಲ್ 5ರಂದು ಮಂಗಳೂರಿನಲ್ಲಿ, ಮಲಯಾಳಿ ಕುಟುಂಬದಲ್ಲಿ. ತಂದೆ ನ್ಯಾಯಾಂಗ ಅಧಿಕಾರಿ. ಅವರಿಗೆ ವರ್ಗವಾದಾಗ ಸಂಸಾರ ಮದರಾಸಿಗೆ ಹೋಯಿತು. ಮಂಗಳೂರಿನಂತೆ ಪುತ್ತೂರು, ಸುಳ್ಯ, ಕಡಬ ಸೀಮೆಯೂ ಆಗ ಮದರಾಸು ಪ್ರಾಂತ್ಯದ್ದೇ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವ ತನಕ ಇಲ್ಲಿಯವರಿಗೂ ಮದರಾಸೇ ರಾಜಧಾನಿ.

ಶಾರದಾ 1951ರಲ್ಲಿ ಮದರಾಸು ಮೆಡಿಕಲ್ ಕಾಲೇಜಿನಿಂದ ವೈದ್ಯ ಪದವಿ ಪಡೆದರು. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾಗಿದ್ದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ, ಅಂದರೆ ಇಂದಿನ ನಿಮ್ಹಾನ್ಸ್‌ನಲ್ಲಿ, ಮನೋವೈದ್ಯಕೀಯ ಡಿಪ್ಲೊಮಾ ಮಾಡಿದರು.

1959ರಲ್ಲಿ ಮದರಾಸಿನ ಕಿಲ್ಪಾಕ್ ಸರಕಾರಿ ಮಾನಸಿಕ ಆಸ್ಪತ್ರೆಗೆ ಸೇರಿ, 1961ರಲ್ಲಿ ಅದರ ಮೊದಲ ಮಹಿಳಾ ಸೂಪರಿಂಟೆಂಡೆಂಟ್ ಆದರು. 1794ರಲ್ಲಿ ಶುರುವಾದ ಹಳೆಯ ಹುಚ್ಚಾಸ್ಪತ್ರೆಯದು. ಮಾನಸಿಕ ರೋಗಿಗಳ ಕುರಿತ 1912ರ ಕಾಯಿದೆಯೇ ಇನ್ನೂ ಜಾರಿಯಲ್ಲಿದ್ದುದರಿಂದ ಬಹಳಷ್ಟು ರೋಗಿಗಳು ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಒಳಗೆ ಬರುತ್ತಿದ್ದರು. ಕ್ಲೋರ್‌ಪ್ರೊಮಜಿನ್‌ನಂತಹ ಹೊಸ ಔಷಧಗಳು ಆಗಷ್ಟೇ ಕೈಗೆ ಸಿಕ್ಕಿದ್ದವು. ಕಿವಿಯಲ್ಲಿ ಯಾರೋ ಮಾತಾಡುತ್ತಾರೆ ಎಂದು ಹೆದರುತ್ತಿದ್ದವರು, ಅನ್ನಕ್ಕೆ ವಿಷ ಹಾಕಿದ್ದಾರೆ ಎಂದು ತಟ್ಟೆ ದೂಡುತ್ತಿದ್ದವರು ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳುವುದು ಈಗ ಸಾಧ್ಯವಿತ್ತು. ಆದರೆ ಗುಣವಾದವರನ್ನು ಮನೆಗೆ ಕರೆದೊಯ್ಯುವವರು ಯಾರು? ಮನೆಯವರ ನೆರವು, ದುಡಿಯಲು ಒಂದು ಕೆಲಸ, ತಪ್ಪದೆ ಮಾತ್ರೆ ಇವಿಲ್ಲದಿದ್ದರೆ ಕಾಯಿಲೆ ಮರುಕಳಿಸುತ್ತದೆ. ಶಾರದಾ ಹಿಡಿದದ್ದು ಈ ಗಂಟನ್ನೇ. ಹೊರರೋಗಿ ವಿಭಾಗ ಬೆಳೆಯಿತು. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳು ತೆರೆಯಲು ಅವರು ದುಡಿದರು. ಪುನರ್ವಸತಿಗೆ ಸ್ವಯಂಸೇವಾ ಸಂಸ್ಥೆಗಳನ್ನು ಆಸ್ಪತ್ರೆಯೊಳಕ್ಕೆ ಬರಮಾಡಿಕೊಂಡರು. ದಕ್ಷಿಣ ಕನ್ನಡದ ಅಡಿಕೆ ತೋಟದ ಮನೆಗಳಲ್ಲಿ ಮಗನಿಗೆ ಮಾನಸಿಕ ಕಾಯಿಲೆಯಾದರೆ ಮೊದಲು ಜೋಯಿಸರ ಪ್ರಶ್ನೆ, ದೈವದ ದರ್ಶನ, ಆಮೇಲೆ ಆಸ್ಪತ್ರೆ ಎಂಬ ರೂಢಿ ಇದ್ದದ್ದನ್ನು ನೆನೆದರೆ, ಚಿಕಿತ್ಸೆ ಹತ್ತಿರದ ಊರಿನಲ್ಲೇ ಸಿಗಬೇಕೆಂಬ ಅವರ ಪಟ್ಟು ಎಷ್ಟು ಮುಖ್ಯವಾಗಿತ್ತೆಂದು ತಿಳಿಯುತ್ತದೆ.

1978ರಲ್ಲಿ ನಿವೃತ್ತಿ. ಅವರ ದೊಡ್ಡ ಕೆಲಸ ಆಮೇಲಿನದು. 1984ರಲ್ಲಿ ಸಮಾನಮನಸ್ಕರೊಂದಿಗೆ ಮದರಾಸಿನಲ್ಲಿ ಸ್ಕಿಜೋಫ್ರೀನಿಯಾ ಸಂಶೋಧನಾ ಪ್ರತಿಷ್ಠಾನ (ಸ್ಕಾರ್ಫ್) ಸ್ಥಾಪಿಸಿದರು. ಚಿಕಿತ್ಸೆ, ವೃತ್ತಿ ತರಬೇತಿ, ಮನೆಯವರಿಗೆ ತಿಳಿವಳಿಕೆ, ಸಂಶೋಧನೆ ಇವೆಲ್ಲ ಒಂದೇ ಕಡೆ ನಡೆಯುವಂತಾಯಿತು. ಮುಂದೆ ಇದು ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗ ಕೇಂದ್ರವೂ ಆಯಿತು.

1992ರಲ್ಲಿ ಅವರಿಗೆ ಪದ್ಮಭೂಷಣ ಬಂತು. ತಮಿಳುನಾಡು ಸರಕಾರ ಅವ್ವೈಯಾರ್ ಪ್ರಶಸ್ತಿ ನೀಡಿತು. ತೊಂಬತ್ತು ದಾಟಿದ ಮೇಲೂ ರೋಗಿಗಳನ್ನು ನೋಡುತ್ತಿದ್ದರು. 2021ರ ಡಿಸೆಂಬರ್ 5ರಂದು ಚೆನ್ನೈಯಲ್ಲಿ ತೀರಿಕೊಂಡರು.

ಮಾನಸಿಕ ಕಾಯಿಲೆಯನ್ನೂ ಅಂಗವೈಕಲ್ಯವೆಂದು ಕಾನೂನು ಒಪ್ಪಬೇಕೆಂದು ವಾದಿಸಿದ ಸಂಸ್ಥೆಗಳಲ್ಲಿ ಸ್ಕಾರ್ಫ್ ಕೂಡ ಒಂದು. 1995ರ ಅಂಗವಿಕಲರ ಕಾಯಿದೆಯಲ್ಲಿ ಮಾನಸಿಕ ಕಾಯಿಲೆ ಸೇರಿತು, 2016ರ ಕಾಯಿದೆಯಲ್ಲಿಯೂ ಉಳಿದಿದೆ. ವೈಕಲ್ಯ ಶೇ. 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಸಿಕ್ಕಿದರೆ, ಪುತ್ತೂರು, ಸುಳ್ಯ, ಕಡಬದ ಮನೆಗಳವರೂ ಕಾನೂನು ಕೊಟ್ಟ ಸೌಲಭ್ಯಗಳನ್ನು ಕೇಳಬಹುದು.